ನೆಲದ ಒಳಗುಟ್ಟು

ನಿವೇಶನ ಕೊಳ್ಳುವವರು ದಿಕ್ಕನ್ನು ನೋಡುತ್ತಾರೆ, ಅಳತೆಯನ್ನು ನೋಡುತ್ತಾರೆ, ಕ್ರಯಪತ್ರವನ್ನು ಎರಡೆರಡು ಸಲ ಓದಿಸಿ ಕೇಳುತ್ತಾರೆ. ಆದರೆ ನಾಳೆ ಇಡೀ ಮನೆಯ ಭಾರವನ್ನು ಹೊರಬೇಕಾದ ನೆಲವನ್ನು ವಿಚಾರಿಸುವವರು ವಿರಳ. ಗುದ್ದಲಿಗೆ ಗಟ್ಟಿಮಣ್ಣು ತಗುಲಿದರೆ ಅಷ್ಟಕ್ಕೇ ಸಮಾಧಾನ. ಮೇಲಿನ ಗಟ್ಟಿತನವನ್ನು ನಂಬಿದರೆ ಏನಾಗಬಹುದೆಂಬುದಕ್ಕೆ ಕೆನಡಾ ದೇಶದ ಒಂದು ಕಣಜ ಸಾಕ್ಷಿಯಾಗಿದೆ.

ವಿನಿಪೆಗ್ ನಗರದ ಬಳಿಯ ಟ್ರಾನ್ಸ್‌ಕೋನಾದಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆಯವರು 1911ರಲ್ಲಿ ಧಾನ್ಯ ಸಂಗ್ರಹಕ್ಕಾಗಿ ಕಾಂಕ್ರೀಟಿನ ಮಹಾಕಣಜವೊಂದನ್ನು ಕಟ್ಟಲಾರಂಭಿಸಿದರು. ಅದರ ಉದ್ದ 195 ಅಡಿ, ಅಗಲ 77 ಅಡಿ, ಎತ್ತರ 92 ಅಡಿ. ಬರಿದಾಗಿದ್ದಾಗಲೇ ತೂಕ 20,000 ಟನ್. ನೆಲವನ್ನು ಪರೀಕ್ಷಿಸದೆ ಕಟ್ಟಿದರೆನ್ನುವಂತಿಲ್ಲ. ಅಡಿಪಾಯದ ಗುಂಡಿಯ ತಳದಲ್ಲಿ ಚಿಕ್ಕ ಜಾಗವೊಂದರ ಮೇಲೆ ಭಾರ ಹೇರಿ ನೋಡಿದ್ದರು; ಜೇಡಿಮಣ್ಣು ಜಗ್ಗದೆ ನಿಂತಿತ್ತು.

1913ರ ಸೆಪ್ಟೆಂಬರಿನಲ್ಲಿ ಧಾನ್ಯ ತುಂಬತೊಡಗಿದರು. ಅಕ್ಟೋಬರ್ 18ರಂದು, ಎಂಟರಲ್ಲಿ ಏಳು ಪಾಲು ತುಂಬಿದ್ದಾಗ, ಕಣಜ ಒಂದೇ ಗಂಟೆಯಲ್ಲಿ ಒಂದಡಿ ಕುಸಿಯಿತು. ಅನಂತರ ಮೆಲ್ಲಮೆಲ್ಲನೆ ಪಶ್ಚಿಮಕ್ಕೆ ವಾಲುತ್ತ, ಇಪ್ಪತ್ತನಾಲ್ಕು ಗಂಟೆಗಳೊಳಗೆ ಸುಮಾರು 27 ಡಿಗ್ರಿ ಓರೆಯಾಗಿ ನಿಂತಿತು. ಒಂದು ಪಕ್ಕ 24 ಅಡಿ ಹೂತುಹೋಯಿತು. ಎದುರು ಪಕ್ಕ 5 ಅಡಿ ಮೇಲೆದ್ದಿತು. ವಿಸ್ಮಯವೆಂದರೆ, ಧಾನ್ಯದ ಕೋಶಗಳು ಒಡೆಯಲಿಲ್ಲ. ಕಟ್ಟಿದವರ ಕೈಗೆಲಸದಲ್ಲಿ ಕೊರತೆಯಿರಲಿಲ್ಲ. ನೆಲವನ್ನು ನೋಡಿದ ಬಗೆಯಲ್ಲಿತ್ತು.

ಬೇಸಿಗೆಯಲ್ಲಿ ಕೆರೆಯ ಕೆಸರಿನ ಮೇಲೆ ಒಣಗಿದ ಹಕ್ಕಳೆ ಕಟ್ಟುತ್ತದೆ. ಅದರ ಮೇಲೆ ಕೋಳಿ ನಿರಾತಂಕವಾಗಿ ನಡೆದೀತು. ಎತ್ತು ಕಾಲಿಟ್ಟರೆ ಹೂತುಹೋಗುತ್ತದೆ. ಟ್ರಾನ್ಸ್‌ಕೋನಾದಲ್ಲಿ ಆದದ್ದೂ ಇದೇ. ಚಿಕ್ಕ ಜಾಗದ ಮೇಲೆ ಹೇರಿದ ಭಾರ ಕೆಲವೇ ಅಡಿಗಳ ಆಳಕ್ಕೆ ತಟ್ಟುತ್ತದೆ. ಕಟ್ಟಡ ಅಗಲವಾದಷ್ಟೂ ಅದರ ಒತ್ತಡ ಆಳಕ್ಕಿಳಿಯುತ್ತದೆ. ಪರೀಕ್ಷೆಗೆ ಉತ್ತರ ಕೊಟ್ಟದ್ದು ಮೇಲಿನ ಗಟ್ಟಿ ಪದರ. ಕಣಜದ ಭಾರ ತಟ್ಟಿದ್ದು ಅದರಡಿಯ ಮೆದು ಜೇಡಿಗೆ. ಧಾನ್ಯವನ್ನು ತೆಗೆದು, ಬಂಡೆಯವರೆಗೆ ಕಂಬಗಳನ್ನಿಳಿಸಿ, ಜಾಕುಗಳಿಂದ ಎತ್ತಿ ಕಣಜವನ್ನು ನೆಟ್ಟಗೆ ನಿಲ್ಲಿಸಿದರು. ಅಲ್ಲಿ ಆಳವಾಗಿ ಕೊರೆದು ಮಣ್ಣಿನ ಬಲವನ್ನು ಅಳೆದದ್ದು 1951ರಲ್ಲಿ. ರಾಲ್ಫ್ ಪೆಕ್ ಮತ್ತು ಬ್ರಯಂಟ್ ಮಾಡಿದ ಲೆಕ್ಕದಂತೆ, ನೆಲ ಹೊರಬಲ್ಲ ಭಾರವೂ ಕುಸಿದ ದಿನ ಅದರ ಮೇಲಿದ್ದ ಭಾರವೂ ಹೆಚ್ಚುಕಡಿಮೆ ಒಂದೇ ಆಗಿದ್ದವು.

ಇಂದು ಈ ಪರೀಕ್ಷೆಗೆ ಕ್ರಮಬದ್ಧ ವಿಧಾನವಿದೆ. ನೆಲದಲ್ಲಿ ರಂಧ್ರ ಕೊರೆದು, 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಟೊಳ್ಳು ಕೊಳವೆಯೊಂದನ್ನು ಮಣ್ಣಿಗಿಳಿಸುತ್ತಾರೆ. ಮೊದಲ 15 ಸೆಂಟಿಮೀಟರ್ ಬಿಟ್ಟು, ಮುಂದಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಕೊಳವೆಯಲ್ಲಿ ಬಂದ ಮಣ್ಣು ಪ್ರಯೋಗಶಾಲೆಗೆ ಹೋಗುತ್ತದೆ.

ಮಣ್ಣಿನಷ್ಟೇ ಮುಖ್ಯವಾದುದು ನೀರು. ಕೊರೆದ ರಂಧ್ರದಲ್ಲಿ ನೀರು ನೆಲೆನಿಲ್ಲಲು ಬಿಟ್ಟು, ಆಮೇಲೆ ಅದರ ಮಟ್ಟವನ್ನು ಗುರುತಿಸಬೇಕು. ಮರಳು ನೆಲದಲ್ಲಿ ನೀರು ಅಡಿಪಾಯದ ತಳಕ್ಕೇರಿದರೆ ನೆಲದ ತಾಳಿಕೆ ಅರ್ಧದಷ್ಟು ಕುಗ್ಗಬಹುದು. ನೀರಿನಲ್ಲಿ ಕರಗಿರುವ ಕೆಲವು ಲವಣಗಳು ಕಾಂಕ್ರೀಟನ್ನೂ ಕಬ್ಬಿಣವನ್ನೂ ತಿನ್ನುತ್ತವೆ. ಆದುದರಿಂದ ಚೈತ್ರದಲ್ಲಿ ಒಣಗಿದ್ದ ಗುಂಡಿಯನ್ನು ನೋಡಿ ಶ್ರಾವಣದ ನೀರನ್ನು ಮರೆಯುವುದು ಜಾಣತನವಲ್ಲ.

ಈ ಮಾತು ಕನ್ನಡನಾಡಿಗೂ ಸಲ್ಲುತ್ತದೆ. ಧಾರವಾಡ, ಗದಗ, ವಿಜಯಪುರ ಸೀಮೆಗಳ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ ಗೋಡೆಗಳನ್ನು ಸೀಳುತ್ತದೆ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯಿದ್ದೆಡೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಿದ್ದೆಡೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆಯಂಗಳದಲ್ಲಿ ಮಣ್ಣು ತುಂಬಿ ಮಟ್ಟಮಾಡಿದ ನಿವೇಶನ ನೋಟಕ್ಕೆ ಬೇರೆ ನಿವೇಶನದಂತೆಯೇ ಕಾಣುತ್ತದೆ; ಅದರ ಹಳೆಯ ಕೆಸರು ಕಾಣುವುದು ಕೊರೆದಾಗಲೇ.

ಜೀವಮಾನದ ಉಳಿತಾಯವನ್ನು ಮನೆಗೆ ಸುರಿಯುವ ಗೃಹಸ್ಥರು ನಕ್ಷೆ ಬರೆಸುವ ಮೊದಲೇ ಎರಡು ಪ್ರಶ್ನೆಗಳನ್ನು ಕೇಳಬೇಕು: ಎಷ್ಟು ಆಳದವರೆಗೆ ಕೊರೆದು ನೋಡಿದ್ದೀರಿ? ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ? ಇವೆರಡಕ್ಕೂ ಸರಿಯಾದ ಉತ್ತರ ದೊರೆಯುವ ತನಕ ಭೂಮಿಪೂಜೆಯ ಮುಹೂರ್ತ ಕಾಯಬಹುದು.