ಅಗ್ಗದ ದರದಲ್ಲಿ ಹಿಮಜಾರಾಟ

ಆಲ್ಪ್ಸ್ ಹೋಟೆಲುಗಳ ದರ ಕೇಳಿಯೇ ಮೈ ತಣ್ಣಗಾಗಿದ್ದ ನಮಗೆ ಕೈಗೆಟುಕಿದ್ದು ಬಲ್ಗೇರಿಯಾದ ಬೊರೊವೆಟ್ಸ್. ಲಂಡನ್ನಿನಿಂದ ಸೋಫಿಯಾಕ್ಕೆ ವಿಮಾನ, ಅಲ್ಲಿಂದ ಸುಮಾರು 70 ಕಿ.ಮೀ. ಬಸ್ಸು. ರಿಲಾ ಪರ್ವತಗಳಲ್ಲಿ 1,350 ಮೀಟರ್ ಎತ್ತರದ ಊರು. ಮೇಲೆ ಬಾಲ್ಕನ್ ಪ್ರದೇಶದ ಅತ್ಯುನ್ನತ ಶಿಖರ ಮುಸಾಲಾ, 2,925 ಮೀಟರ್. 1981 ಮತ್ತು 1984ರಲ್ಲಿ ವಿಶ್ವಕಪ್ ಸ್ಕೀ ಪಂದ್ಯಗಳು ನಡೆದ ಸ್ಥಳ. ನಾವು ಜಾರಿದ್ದು ಮಕ್ಕಳ ದಿಬ್ಬದಲ್ಲಿ!

ಹೋಟೆಲನ್ನು ಹೊಗಳುವಂತಿಲ್ಲ. ಕೋಣೆಯಲ್ಲಿ ಬೇಯುವಷ್ಟು ಸೆಕೆ, ಸ್ನಾನದ ನೀರು ಮಾತ್ರ ಉಗುರುಬೆಚ್ಚಗೆ. ಊಟದ್ದೇ ದೊಡ್ಡ ಪೇಚು. ಇದರಲ್ಲಿ ಮಾಂಸವುಂಟೆ ಎಂದು ಕೇಳಿದರೆ ಬಡಿಸುವವನು ತಲೆಯನ್ನು ಅಡ್ಡಡ್ಡ ಆಡಿಸುತ್ತಾನೆ. ಸಸ್ಯಾಹಾರಿ ಮಿತ್ರರೇ, ಜೋಕೆ! ಅಲ್ಲಿ ಹಾಗೆಂದರೆ 'ಹೌದು'. ಮೇಲೆ ಕೆಳಗೆ ಆಡಿಸಿದರೆ 'ಇಲ್ಲ'. ಪ್ರವಾಸಿಗಳಿಗಾಗಿ ಕೆಲವರು ಇದನ್ನೇ ತಿರುವುಮುರುವು ಮಾಡುವುದೂ ಉಂಟು. ಬಸ್ಸಿನಲ್ಲೇ ಎಚ್ಚರಿಸಿದ್ದರಿಂದ ಬಚಾವಾದೆವು. 'ದಾ' ಎಂದರೆ ಹೌದು, 'ನೆ' ಎಂದರೆ ಇಲ್ಲ. ಬಾಯಿಬಿಟ್ಟು ಹೇಳಿಸಿಕೊಳ್ಳುವುದೇ ಕ್ಷೇಮ.

ಮೊಸರಿಗೆ ಮಾತ್ರ ಎರಡು ಮಾತಿಲ್ಲ. ಅದರ ಬ್ಯಾಕ್ಟೀರಿಯಾವನ್ನು 1905ರಲ್ಲಿ ಗುರುತಿಸಿದವರು ಬಲ್ಗೇರಿಯಾದವರೇ ಆದ ಸ್ತಾಮೆನ್ ಗ್ರಿಗೊರೋವ್. ಸೌತೆಕಾಯಿ ಹಾಕಿದ 'ತರತೋರ್' ನಮ್ಮ ಮೊಸರುಬಜ್ಜಿಯ ದಾಯಾದಿ. ನಮ್ಮ ಚಟ್ನಿಪುಡಿ ಮೂರೇ ದಿನಕ್ಕೆ ಮುಗಿಯಿತು.

ಸ್ಕೀ ಶಿಕ್ಷಕರಿಗೆ ಕೊಟ್ಟ ಹಣ ಸಾರ್ಥಕ. ಮಕ್ಕಳು ಮೂರನೆಯ ದಿನವೇ ಬೀಳದೆ ಇಳಿದರು. ನಾಲ್ಕನೆಯ ದಿನ ನಮ್ಮ ಯಜಮಾನರ ಮೊಣಕಾಲು ಉಳುಕಿ, ಸ್ಲೆಡ್ಜಿನಲ್ಲಿ ಮಲಗಿಸಿ ಕೆಳಗಿಳಿಸಿದರು. ಈ ಪರ್ವತ ರಕ್ಷಣೆಯ ವೆಚ್ಚಕ್ಕೆ ಬ್ರಿಟನ್ನಿನ ಜಿ.ಹೆಚ್.ಐ.ಸಿ. ಆರೋಗ್ಯ ಕಾರ್ಡು ಒದಗದು. ಮಾಮೂಲು ಪ್ರವಾಸ ವಿಮೆಯೂ ಸಾಮಾನ್ಯವಾಗಿ ಸಾಲದು. ಚಳಿಗಾಲದ ಕ್ರೀಡೆಗೆಂದೇ ಪ್ರತ್ಯೇಕ ವಿಮೆಯ ಹಣ ಕಟ್ಟಬೇಕು. ಹೊರಡುವ ಮುನ್ನ ಕಟ್ಟಿದ್ದೆವು. ಬಿಲ್ಲು ಅವರಿಗೇ ಹೋಯಿತು.