ಮಾರುವಾಗ ಅಗ್ಗ, ಕೊಳ್ಳುವಾಗ ತುಟ್ಟಿ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಸುತ್ತಮುತ್ತ ಮೆಕ್ಕೆಜೋಳ ಬೆಳೆಯುವವರಿಗೆ 2020 ಕಹಿ ವರ್ಷ. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಗಾಳಿಸುದ್ದಿಗೆ ಕೋಳಿ ವ್ಯಾಪಾರ ನೆಲಕಚ್ಚಿತು, ಅದರ ಹಿಂದೆಯೇ ಕೋಳಿಗಳ ಆಹಾರಕ್ಕೆ ಹೋಗುವ ಮೆಕ್ಕೆಜೋಳದ ದರವೂ ಕುಸಿಯಿತು. ಕ್ವಿಂಟಲ್‌ಗೆ 1,760 ರೂಪಾಯಿ ಬೆಂಬಲ ಬೆಲೆ ಕಾಗದದಲ್ಲಿತ್ತು. ಮಾರುಕಟ್ಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. ಮುಂಗಾರಿಗೆ ಬೀಜ, ಗೊಬ್ಬರ ತರಬೇಕಾದವನು ಕಾಯುವುದಾದರೂ ಹೇಗೆ? ರಾಜ್ಯ ಸರ್ಕಾರ ಬೆಳೆಗಾರರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು.

ಅದೇ ವರ್ಷ ಮುಂಗಾರಿನ ಕೊನೆಗೆ ಅತಿಮಳೆಯಿಂದ ರಾಜ್ಯದ ಈರುಳ್ಳಿ ಹೊಲದಲ್ಲೇ ಕೊಳೆಯಿತು. ಕೇಂದ್ರ ಸರ್ಕಾರ ಸೆಪ್ಟೆಂಬರ್ 14ರಂದು ರಫ್ತು ನಿಲ್ಲಿಸಿದರೂ ದರ ಏರುತ್ತಲೇ ಹೋಯಿತು. ಸಾಗಣೆಗೆ ಬೇಕಾದ ಡೀಸೆಲ್ ಮೇಲಿನ ಕೇಂದ್ರ ತೆರಿಗೆಯೂ ಮೇ ತಿಂಗಳಲ್ಲೇ ಲೀಟರ್‌ಗೆ 13 ರೂಪಾಯಿ ಹೆಚ್ಚಿತ್ತು.

ಆದಾಯ ಕುಸಿದರೂ ಬೆಲೆ ಏರುವುದು ದೇಶದ ಲೆಕ್ಕದಲ್ಲೂ ಕಾಣುತ್ತದೆ. 2020-21ರಲ್ಲಿ ಆರ್ಥಿಕತೆ ಸುಮಾರು ಶೇ 6ರಷ್ಟು ಕುಗ್ಗಿತು, ಚಿಲ್ಲರೆ ಹಣದುಬ್ಬರ ಮಾತ್ರ ಸರಾಸರಿ ಶೇ 6.2ಕ್ಕೆ ಏರಿತು. 1979-80ರ ಬರದಲ್ಲಂತೂ ದೇಶದ ಒಟ್ಟು ಉತ್ಪನ್ನ ಶೇ 5ಕ್ಕೂ ಹೆಚ್ಚು ಇಳಿದಿತ್ತು, ಸಗಟು ಬೆಲೆ ಶೇ 17ರಷ್ಟು ಏರಿತ್ತು. ಆಗ ಕಚ್ಚಾತೈಲದ ಪೆಟ್ಟೂ ಸೇರಿತ್ತು. ವ್ಯಾಪಾರ ಚುರುಕಾದರೆ ಬೆಲೆ ಏರುತ್ತದೆ, ಮಂದವಾದರೆ ಇಳಿಯುತ್ತದೆ ಎಂಬ ತಿಳಿವಳಿಕೆಗೆ ಇದು ತೀರಾ ಉಲ್ಟಾ. ಆ ತಿಳಿವಳಿಕೆಗೆ ಬಲ ಕೊಟ್ಟದ್ದು ಅರ್ಥಶಾಸ್ತ್ರಜ್ಞ ಫಿಲಿಪ್ಸ್ ಅವರ 1958ರ ಅಧ್ಯಯನ. ಅವರು ನೋಡಿದ್ದು ಬ್ರಿಟನ್ನಿನ ಕೂಲಿ ಮತ್ತು ನಿರುದ್ಯೋಗವನ್ನು. ಅಲ್ಲಿ ಏರಿಳಿತಕ್ಕೆ ಮುಖ್ಯ ಕಾರಣ ಬೇಡಿಕೆ.

ನಮ್ಮಲ್ಲಿ ಹಲವು ಸಲ ಮೊದಲು ಕೈಕೊಡುವುದು ಪೂರೈಕೆ. ಮಳೆ ಕೆಟ್ಟರೆ ಫಸಲು ಕಡಿಮೆ, ರೈತನ ಆದಾಯವೂ ಕಡಿಮೆ. ಆದರೆ ಉಣ್ಣುವ ಬಾಯಿಗಳು ಅಷ್ಟೇ. 2012ನ್ನು ಮೂಲ ವರ್ಷವಾಗಿ ಇಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರದ ಪಾಲು ಸುಮಾರು ಶೇ 46. ಕೃಷಿ ಕಾರ್ಮಿಕರಿಗೆಂದೇ ಇದ್ದ ಹಳೆಯ ಸೂಚ್ಯಂಕದಲ್ಲಿ ಅದು ಶೇ 69. ಕೂಲಿಯವರ ಸಂಸಾರಕ್ಕೆ ಹಣದುಬ್ಬರವೆಂದರೆ ಬಹುಪಾಲು ಊಟದ ಖರ್ಚೇ.

ಮೆಕ್ಕೆಜೋಳ ಬಿದ್ದದ್ದು ಬೇಡಿಕೆ ಸತ್ತು, ಈರುಳ್ಳಿ ಏರಿದ್ದು ಮಾಲು ಸಿಗದೆ. ಈ ವ್ಯತ್ಯಾಸ ರಿಸರ್ವ್ ಬ್ಯಾಂಕಿಗೂ ತೊಡಕು. ಬಡ್ಡಿ ಏರಿಸಿದರೆ ಕೊಳೆತ ಈರುಳ್ಳಿ ಮರಳಿ ಬರುವುದಿಲ್ಲ. ಮೊದಲೇ ಬಿದ್ದಿರುವ ಬೇಡಿಕೆ ಇನ್ನಷ್ಟು ಕುಗ್ಗುತ್ತದೆ. ಹಾಗೆಂದು ಸುಮ್ಮನಿದ್ದರೆ ಆಹಾರದ ತುಟ್ಟಿ ಕೂಲಿ, ಬಾಡಿಗೆ, ಸಾಗಣೆಗೂ ಹಬ್ಬಬಹುದು. ರಿಸರ್ವ್ ಬ್ಯಾಂಕು ಆಗ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಶೇ 4ರಲ್ಲೇ ಉಳಿಸಿತು. ಅದು ಸರಿಯಾದ ನಿರ್ಧಾರವೆಂದೇ ನನ್ನ ಎಣಿಕೆ.

ದರ ಏರಿಸಿದ್ದು 2022ರ ಮೇನಲ್ಲಿ. ಅಷ್ಟರಲ್ಲಿ ಉಕ್ರೇನ್ ಯುದ್ಧ ಶುರುವಾಗಿತ್ತು. ಆ ದೇಶ ಜಗತ್ತಿಗೆ ಮೆಕ್ಕೆಜೋಳವನ್ನೂ ಸೂರ್ಯಕಾಂತಿ ಎಣ್ಣೆಯನ್ನೂ ಮಾರುತ್ತದೆ. ಇಲ್ಲಿ ಮೆಕ್ಕೆಜೋಳ ಬೆಂಬಲ ಬೆಲೆಯನ್ನು ದಾಟಿತು. ಅದೇ ಹೊತ್ತಿಗೆ ಕಿರಾಣಿ ಅಂಗಡಿಯಲ್ಲಿ ಎಣ್ಣೆಯ ದರವೂ ಏರಿತು.