ಮೂಗು ಸೋತರೆ ಊಟವೂ ಸಪ್ಪೆ



2020ರಲ್ಲಿ ಕೋವಿಡ್ ಹರಡಿದಾಗ, ಜ್ವರ ಬಿಟ್ಟರೂ ಊಟ ರುಚಿಸುತ್ತಿಲ್ಲವೆಂದು ಅನೇಕರು ಹೇಳಿದ್ದುಂಟು. ಬಲವಾದ ನೆಗಡಿ, ಮೂಗಿನೊಳಗಿನ ಊತ, ತಲೆಗೆ ಬಿದ್ದ ಪೆಟ್ಟು, ಮುಪ್ಪು ಇವುಗಳಿಂದಲೂ ಹೀಗಾಗುತ್ತದೆ. ಇಂತಹ ವೇಳೆ ಬಹುಮಟ್ಟಿಗೆ ಸೋಲುವುದು ನಾಲಗೆಯಲ್ಲ, ಮೂಗು.

ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಹಾಗೂ ಅಣಬೆ, ಮಾಂಸಗಳ ಸಾರದಲ್ಲಿರುವ ಒಂದು ರುಚಿ ಮಾತ್ರ. ಉಳಿದುದನ್ನು ಪರಿಮಳ ತುಂಬುತ್ತದೆ. ನಾವು ಅಗಿಯುವಾಗ ಅದು ಗಂಟಲ ಹಿಂಬದಿಯಿಂದ ಮೂಗಿನ ಮೇಲ್ಭಾಗಕ್ಕೆ ಏರುತ್ತದೆ. ಅಲ್ಲಿ ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಮೂಗು ಬಿಗಿಹಿಡಿದು ಏಲಕ್ಕಿ ಅಗಿದು ನೋಡಿ; ತುಸು ಚುರುಕು ಮಾತ್ರ ತಿಳಿಯುತ್ತದೆ. ಮೂಗು ಬಿಟ್ಟೊಡನೆ ಏಲಕ್ಕಿಯ ಗುರುತು ಸಿಗುತ್ತದೆ. ವಾಸನೆ ತಿಳಿಯದವರಿಗೆ ನಾವು ಬೆಳೆದ ಕಾಫಿಯೂ ಬರೀ ಬಿಸಿ ಕಹಿನೀರು.

ಆದುದರಿಂದ ಮನೆಯ ಹಿರಿಯರು ಸಾರು ಸಪ್ಪೆಯೆಂದು ದಿನವೂ ಗೊಣಗಿದರೆ, ಅಡುಗೆ ಮಾಡಿದವರನ್ನು ದೂರುವ ಮೊದಲು ಅವರ ಮೂಗನ್ನು ವಿಚಾರಿಸುವುದು ಒಳ್ಳೆಯದು. ಇಂಥವರು ಉಪ್ಪು ಹೆಚ್ಚು ಹಾಕಿಕೊಳ್ಳುತ್ತಾರೆ, ಇಲ್ಲವೇ ಊಟ ಕಡಿಮೆ ಮಾಡಿ ಸೊರಗುತ್ತಾರೆ. ಹಳಸಿದ ಅನ್ನ ಅವರಿಗೆ ತಿಳಿಯದು. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದೇ ದುರ್ವಾಸನೆಯ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಅದೂ ತಿಳಿಯದವರು ಒಂಟಿಯಾಗಿದ್ದರೆ ಅಪಾಯ. ಮುಗ್ಗಲು ಅಡಿಕೆ, ಹುಳಿ ಮಿತಿಮೀರಿದ ಪಾರ್ಚ್‌ಮೆಂಟ್ ಕಾಫಿಯನ್ನು ಗುರುತಿಸಲೂ ಮೂಗು ಬೇಕು. ಅಂತಹ ಸದಸ್ಯರು ಚೀಲ ಕಟ್ಟುವ ಮುನ್ನ ಮನೆಯ ಇನ್ನೊಬ್ಬರಿಂದ ಮೂಸಿ ನೋಡಿಸಬೇಕು.

ಹಲವರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳುತ್ತದೆ. ಮರಳದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಬೇಕು. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಒಂದು ಅಭ್ಯಾಸವನ್ನು ಪ್ರಕಟಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ಪರಿಮಳಗಳನ್ನು ಬೆಳಿಗ್ಗೆ, ಸಂಜೆ, ತಲಾ ಸುಮಾರು 10 ಸೆಕೆಂಡು, 12 ವಾರ ಗಮನವಿಟ್ಟು ಮೂಸುವುದು. ಎಲ್ಲರಿಗೂ ಗುಣ ಕಾಣದಿದ್ದರೂ, ಮಾಡದವರಿಗಿಂತ ಮಾಡಿದವರಲ್ಲಿ ಚೇತರಿಕೆ ಹೆಚ್ಚಾಗಿತ್ತು. ಖರ್ಚಂತೂ ಅಲ್ಪ.

ಅಲ್ಲಿಯವರೆಗೆ ಕಾಳುಮೆಣಸು, ಶುಂಠಿಗಳನ್ನು ಹಿತಮಿತವಾಗಿ ಬಳಸಬಹುದು. ಅವುಗಳ ಖಾರ ಬೇರೊಂದು ನರದ ಮೂಲಕ ತಿಳಿಯುವುದರಿಂದ ಬಹುಪಾಲು ಉಳಿದಿರುತ್ತದೆ. ಹಪ್ಪಳದ ಗರಿಗರಿ, ಮೊಸರಿನ ತಂಪು ಸಹ ಊಟಕ್ಕೆ ಮನಸ್ಸು ತರುತ್ತವೆ.

– ಕಾರ್ಯದರ್ಶಿ